ಮನೆಗಿಬ್ಬರು ಯಜಮಾನರು

ನಾಯಿಪಾಡು ಎಂಬ ಮಾತನ್ನು ಯಾರು ಹುಟ್ಟುಹಾಕಿದರೋ, ಅವರು ಸೋಫಾ ಮೇಸ್ತ್ರಿಯ ಮನೆಯ ನಾಯಿಯನ್ನು ನೋಡಿರಲಿಕ್ಕಿಲ್ಲ. ಚಳಿಯಾದರೆ ಅದಕ್ಕೆ ಹೊದಿಕೆ, ಸೆಕೆಯಾದರೆ ಫ್ಯಾನಿನ ಕೆಳಗೆ ಜಾಗ. ಊಟವಂತೂ ಮನೆಯಲ್ಲಿ ಎಲ್ಲರಿಗಿಂತ ಮೊದಲು. ಹೆಂಡತಿ ಕೋಳಿಯನ್ನು ಉಪ್ಪಿಲ್ಲದೆ ಬೇಯಿಸುತ್ತಿದ್ದಳು, ಮೂಳೆ ಬಿಡಿಸಿ ಅನ್ನದಲ್ಲಿ ಕಲಸುತ್ತಿದ್ದಳು, ಬಿಸಿ ಆರಿದೆಯೇ ಎಂದು ಬೆರಳಿಟ್ಟು ನೋಡಿ ಅದರ ಮುಂದಿಡುತ್ತಿದ್ದಳು. ಮೇಸ್ತ್ರಿ ಖಾಲಿ ತಟ್ಟೆಯ ಮುಂದೆ ಕೂತು, ಇಂಥ ನಾಯಿಪಾಡು ತನಗೂ ಒಂದು ದಿನ ಬರಬಾರದೇ ಎಂದುಕೊಳ್ಳುತ್ತಿದ್ದ.

ಸಾಲದ್ದಕ್ಕೆ ಆ ನಾಯಿಯ ಹೆಸರು ಯಜಮಾನ.

ಹೆಸರಿಟ್ಟವನು ಹೆಂಡತಿಯ ಮೊದಲ ಗಂಡ. ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರಾಗಿದ್ದವನು. ಮರಿಯನ್ನು ಮನೆಗೆ ತಂದ ದಿನ ಅದು ಸೀದಾ ಹೋಗಿ ಅವನ ಕುರ್ಚಿ ಹತ್ತಿ ಕೂತಿತಂತೆ. 'ಆಯ್ತಪ್ಪ, ಇನ್ಮೇಲೆ ನೀನೇ ಈ ಮನೆ ಯಜಮಾನ' ಅಂದನಂತೆ. ಆ ಮೇಷ್ಟ್ರು ದೊಡ್ಡ ಕಾಯಿಲೆ ಬಿದ್ದು ವರ್ಷಗಟ್ಟಲೆ ನರಳಿ ತೀರಿಕೊಂಡ. ನಾಯಿ ಉಳಿಯಿತು. ಹೆಸರೂ ಉಳಿಯಿತು. ಎರಡನೆಯ ಗಂಡನಾಗಿ ಮೇಸ್ತ್ರಿ ಆ ಮನೆಗೆ ಬಂದಾಗ ಯಜಮಾನನ ಜಾಗ ಖಾಲಿ ಇರಲಿಲ್ಲ.

ಇದರಿಂದ ನಗೆಪಾಟಲಾದದ್ದು ಒಂದೆರಡು ಸಲವಲ್ಲ. ಒಮ್ಮೆ ಎದುರುಮನೆಯಾಕೆ ಮೆಟ್ಟಿಲ ಮೇಲೆ ಸಿಕ್ಕಿ, "ಯಜಮಾನ್ರು ಹೇಗಿದಾರೆ?" ಎಂದು ಕೇಳಿದಳು. ಹೆಂಡತಿ, "ರಾತ್ರಿಯೆಲ್ಲ ಕಾಲು ನೋವು, ಒಂದೇ ನರಳಾಟ, ಪಾಪ" ಅಂದಳು. ಆಕೆ ಗಾಬರಿಯಾಗಿ ಸಂಜೆ ನೋವಿನ ಎಣ್ಣೆ ತಂದು ಮೇಸ್ತ್ರಿಯ ಕೈಗಿತ್ತಳು. ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೇಸ್ತ್ರಿಯೂ ನಕ್ಕ. ಆದರೆ ಆಮೇಲೆ ಅವಳು ಅದೇ ಎಣ್ಣೆಯನ್ನು ನಾಯಿಯ ಕಾಲಿಗೆ ನೀವುತ್ತ ಕೂತದ್ದನ್ನು ನೋಡಿದಾಗ ಅವನ ನಗು ಆರಿಹೋಯಿತು. ದಿನವಿಡೀ ನೆಲದ ಮೇಲೆ ಕೂತು ಮೊಳೆ ಹೊಡೆದು ಅವನ ಮಂಡಿಯೂ ನೋಯುತ್ತಿತ್ತು. ಕೇಳಿದ್ದರೆ ಅವಳು ಹಚ್ಚುತ್ತಿದ್ದಳು, ಅದು ಅವನಿಗೂ ಗೊತ್ತಿತ್ತು. ನಾಯಿ ಕೇಳದೆಯೇ ಹಚ್ಚಿಸಿಕೊಂಡಿತಲ್ಲ, ಅದೇ ಅವನ ಸಂಕಟ.

ಮೇಸ್ತ್ರಿ ಕೆಟ್ಟವನಲ್ಲ. ಹರಿದ ಸೋಫಾ, ಕುಸಿದ ಕುರ್ಚಿ, ಸ್ಪ್ರಿಂಗು ಚುಚ್ಚುವ ಹಾಸಿಗೆ, ಏನೇ ತಂದುಕೊಟ್ಟರೂ ಹೊಸದರ ಹಾಗೆ ಮಾಡಿಕೊಡುತ್ತಿದ್ದ. ತಲೆ ನರೆಯುವವರೆಗೆ ಒಂಟಿಯಾಗಿಯೇ ಇದ್ದ. ಒಂದು ದಿನ ಡ್ರೈವಿಂಗ್ ಸ್ಕೂಲಿನ ಕಾರಿನ ಹಿಂದಿನ ಸೀಟಿನಲ್ಲಿ ಹಳೆಯ ಕುರ್ಚಿಯೊಂದನ್ನು ತುರುಕಿಕೊಂಡು ಅವಳು ಅಂಗಡಿಗೆ ಬಂದಳು. ಅವಳ ಕೆಲಸವೇ ಜನರಿಗೆ ಕಾರು ಓಡಿಸುವುದನ್ನು ಕಲಿಸುವುದು. ಕುರ್ಚಿಯ ಸ್ಪಂಜು ಎಡಗಡೆ ಮಾತ್ರ ನೆಲಕಚ್ಚಿತ್ತು. "ಯಾರಮ್ಮ ಇದರಲ್ಲಿ ಹೀಗೆ ಎಡಕ್ಕೆ ವಾಲಿ ಕೂರೋರು?" ಎಂದು ಕೇಳಿದ. "ಈಗ ಯಾರೂ ಇಲ್ಲ" ಅಂದಳು. ಆ ಮೂರು ಪದ ಹೇಳಿದ ರೀತಿಗೇ ಅವನು ಸೋತುಹೋದ. ಕುರ್ಚಿ ಕೊಡಲು ಬೇಕೆಂದೇ ತಡಮಾಡಿದ, ವಿಚಾರಿಸಲು ಅವಳು ಮತ್ತೆ ಮತ್ತೆ ಬರಲಿ ಎಂದು. ಬಂದಳು. ಮದುವೆಯೂ ಆಯಿತು. ಕುರ್ಚಿಗೆ ಹೊಸ ಸ್ಪಂಜು ತುಂಬಿ, ಒಳ್ಳೆಯ ಬಟ್ಟೆ ಹೊದಿಸಿ, ತಾನೇ ಹೊತ್ತು ತಂದು ಮನೆಯಲ್ಲಿಟ್ಟ. ಮರುಕ್ಷಣವೇ ನಾಯಿ ಹತ್ತಿ ಮಲಗಿತು.

ಸತ್ತವನ ಮೇಲೆ ಹೊಟ್ಟೆಕಿಚ್ಚುಪಡುವುದು ಹುಚ್ಚುತನ ಎಂದು ಅವನಿಗೂ ಗೊತ್ತು. ಆದರೆ ಆ ಮನೆಯಲ್ಲಿ ಸತ್ತವನಿಗೆ ಒಂದು ಪದವೇ ಮೀಸಲಾಗಿತ್ತು. ಹೆಂಡತಿ 'ಇವರು' ಅಂದರೆ ತಾನು. 'ಅವರು' ಅಂದರೆ ಮೇಷ್ಟ್ರು. ಅವರಿಗೆ ಕಾಫಿ ಗಟ್ಟಿಯಾಗಿರಬೇಕಿತ್ತು. ಅವರು ಕಿಟಕಿ ಮುಚ್ಚಲು ಬಿಡುತ್ತಿರಲಿಲ್ಲ. ಹೆಚ್ಚೇನೂ ಹೇಳುತ್ತಿರಲಿಲ್ಲ, ಹೇಳಿದಷ್ಟನ್ನೂ ಅರ್ಧಕ್ಕೇ ನಿಲ್ಲಿಸಿ ನಾಯಿಯ ತಲೆ ಸವರುತ್ತಿದ್ದಳು. ಆಗ ಅವಳೂ ನಾಯಿಯೂ ಒಬ್ಬರನ್ನೊಬ್ಬರು ನೋಡುತ್ತಿದ್ದ ರೀತಿ ಇದೆಯಲ್ಲ, ಅದನ್ನು ಕಂಡರೆ ಮೇಸ್ತ್ರಿಗೆ ತಾನು ಆ ಮನೆಗೆ ರಿಪೇರಿಗೆ ಬಂದವನು ಅನ್ನಿಸುತ್ತಿತ್ತು. ನಡುಮನೆಯ ಗೋಡೆಯ ಮೇಲೆ ಕೊರಳಲ್ಲಿ ಸೀಟಿ ಹಾಕಿಕೊಂಡು ಎದೆಯುಬ್ಬಿಸಿ ನಿಂತ ಮೇಷ್ಟ್ರ ಫೋಟೋ ಇತ್ತು. ಆಳು ಎತ್ತರ, ಭುಜ ಅಗಲ, ಹೊಟ್ಟೆ ಇಲ್ಲವೇ ಇಲ್ಲ. ಮೇಸ್ತ್ರಿ ಅದರ ಮುಂದೆ ಹಾದುಹೋಗುವಾಗಲೆಲ್ಲ ಉಸಿರು ಒಳಗೆಳೆದುಕೊಳ್ಳುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ, ಕಾರು ಕಲಿಯಲು ಬಂದಿದ್ದವನೊಬ್ಬ ಬ್ರೇಕು ಎಂದುಕೊಂಡು ಎಕ್ಸಿಲರೇಟರ್ ತುಳಿದ. ಕಾರು ಹೋಗಿ ದೀಪದ ಕಂಬಕ್ಕೆ ಗುದ್ದಿತು. ಕಲಿಯುವವನಿಗೆ ಒಂದು ಗೀರೂ ಆಗಲಿಲ್ಲ. ಸ್ಟೇರಿಂಗು ಹಿಡಿಯಲು ಅವನ ಕಡೆಗೆ ಬಾಗಿದ್ದ ಹೆಂಡತಿಯ ಹೆಗಲ ಮೂಳೆ ಮುರಿಯಿತು, ಮಣಿಕಟ್ಟೂ ಮುರಿಯಿತು.

ಸುದ್ದಿ ಬಂದಾಗ ಮೇಸ್ತ್ರಿಯ ಬಾಯಲ್ಲಿ ಮೊಳೆಗಳಿದ್ದವು. ಅವನ್ನು ಉಗಿದು, ಅಂಗಿಗೆ ಅಂಟಿದ್ದ ಸ್ಪಂಜಿನ ಚೂರುಗಳ ಸಮೇತ ಆಸ್ಪತ್ರೆಗೆ ಓಡಿದ. ಕೈಗೆ ಕಟ್ಟು ಹಾಕಿ ಮಲಗಿಸಿದ್ದರು. ಮುಖ ಬಿಳಿಚಿಕೊಂಡಿತ್ತು. ಅವನನ್ನು ಕಂಡು ತುಟಿ ಅಲುಗಿಸಿದಳು. ಅವನು ಕಿವಿಯನ್ನು ಅವಳ ಬಾಯಿಯ ಹತ್ತಿರಕ್ಕೆ ತಂದ.

"ರೀ, ಯಜಮಾನ ಉಂಡನಾ?"

"ಇಲ್ಲ ಕಣೇ, ಬೆಳಿಗ್ಗೆ ಒಂಚೂರು ಬ್ರೆಡ್ಡು ತಿಂದಿದ್ದೆ ಅಷ್ಟೇ. ಪರವಾಗಿಲ್ಲ ಬಿಡು."

"ನಿಮ್ಮನ್ನಲ್ಲ" ಅಂದಳು.

ಗಾಯಗೊಂಡು ಮಲಗಿದವಳ ಮೇಲೆ ಸಿಟ್ಟು ಮಾಡಿಕೊಳ್ಳಲಾದೀತೇ? ಬಿಸಿ ತುಪ್ಪವನ್ನು ಬಾಯಿಗೆ ಹಾಕಿಕೊಂಡವನ ಹಾಗೆ ನುಂಗಲೂ ಆಗದೆ ಉಗುಳಲೂ ಆಗದೆ ನಿಂತ. ಹೆಗಲಿಗೆ ಆಪರೇಷನ್ ಮಾಡಿ ಲೋಹದ ಪಟ್ಟಿ ಕೂರಿಸಬೇಕು, ಸ್ವಲ್ಪ ದಿನ ಆಸ್ಪತ್ರೆಯಲ್ಲೇ ಇರಬೇಕು ಎಂದರು. ಅವಳ ಜೊತೆಗಿರಲು ಯಾರು ಬಂದರು ಗೊತ್ತೇ? ಮೇಷ್ಟ್ರ ಅಕ್ಕ. ಪೋಸ್ಟಾಫೀಸಿನಲ್ಲಿ ಕೆಲಸ ಮಾಡಿ ನಿವೃತ್ತಳಾದ, ಎಲ್ಲರಿಂದಲೂ ದೊಡ್ಡಕ್ಕ ಎಂದು ಕರೆಸಿಕೊಳ್ಳುವ ಹೆಂಗಸು. ಒಳ್ಳೆಯವಳೇ. ಆದರೆ ತಮ್ಮನ ಹೆಸರೆತ್ತದೆ ಅವಳಿಗೆ ಒಂದು ಲೋಟ ನೀರೂ ಇಳಿಯುತ್ತಿರಲಿಲ್ಲ.

"ನೀವು ಮನೆಗೆ ಹೋಗಿ, ನಾಯಿ ನೋಡ್ಕೊಳ್ಳಿ" ಎಂದು ದೊಡ್ಡಕ್ಕ ಹೇಳಿದಳು. "ಇವಳನ್ನ ನಾನು ನೋಡ್ಕೋತೀನಿ. ಆಸ್ಪತ್ರೆ ಅಂದ್ರೆ ನಮ್ಮಿಬ್ಬರಿಗೂ ಅಭ್ಯಾಸ ಆಗಿಹೋಗಿದೆ, ನಮ್ಮ ತಮ್ಮನ ಕಾಲದಿಂದ."

ಮೇಸ್ತ್ರಿ ಮನೆಗೆ ಬಂದು ಕೋಳಿ ಬೇಯಿಸಿ ಅನ್ನ ಕಲಸಿಟ್ಟ. ನಾಯಿ ಮೂಸಿಯೂ ನೋಡಲಿಲ್ಲ. ಬಾಗಿಲ ಕಡೆ ಮುಖ ಮಾಡಿ ಮಲಗಿತ್ತು. "ನಿನಗೊಬ್ಬನಿಗೇ ಅಲ್ಲ ಸಂಕಟ ಇರೋದು" ಎಂದು ಗದರಿ ತಟ್ಟೆಯನ್ನು ಅಲ್ಲೇ ಬಿಟ್ಟ. ಮರುದಿನವೂ ತಿನ್ನಲಿಲ್ಲ. ನಾಟಕ ಎಂದುಕೊಂಡ. ಅವಳು ಬಂದು ಮುದ್ದು ಮಾಡಲಿ ಎಂದು ಮುಷ್ಕರ ಹೂಡಿದೆ, ತನಗೂ ಹೀಗೆ ಮುಷ್ಕರ ಹೂಡಲು ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದೂ ಅನ್ನಿಸಿತು. ಆದರೆ ನೀರು ಕುಡಿಯಲು ಎದ್ದ ನಾಯಿ ಅಡುಗೆಮನೆಯ ಹೊಸ್ತಿಲಲ್ಲಿ ಧೊಪ್ಪೆಂದು ಬಿತ್ತು. ಹತ್ತಿರ ಹೋಗಿ ನೋಡಿದ. ಹೊಟ್ಟೆ ಉಬ್ಬಿತ್ತು. ತುಟಿ ಎತ್ತಿ ನೋಡಿದರೆ ವಸಡು ಸುಣ್ಣದ ಹಾಗೆ ಬೆಳ್ಳಗಿತ್ತು.

ಸೋಫಾ ಸಾಗಿಸುವ ತನ್ನ ಮೂರು ಚಕ್ರದ ಗಾಡಿಯಲ್ಲಿ ದಪ್ಪ ಸ್ಪಂಜು ಹಾಸಿ, ಅದರ ಮೇಲೆ ನಾಯಿಯನ್ನು ಮಲಗಿಸಿ ಪ್ರಾಣಿಗಳ ಆಸ್ಪತ್ರೆಗೆ ಕರೆದೊಯ್ದ. ಹೊತ್ತುಕೊಂಡಾಗ ಗೊತ್ತಾಯಿತು, ನೋಡಲು ಅಷ್ಟು ದೊಡ್ಡದಾಗಿದ್ದ ನಾಯಿ ಒಳಗೆ ಎಷ್ಟು ಹಗುರವಾಗಿಬಿಟ್ಟಿದೆ ಎಂದು. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ಯಂತ್ರವಿಟ್ಟು ಪರದೆಯ ಮೇಲೆ ನೋಡಿ, ಕೈ ತೊಳೆದುಕೊಂಡು ಬಂದು ಎದುರಿಗೆ ಕೂತರು.

"ಹೊಟ್ಟೆಯೊಳಗೆ ಒಂದು ಗಡ್ಡೆ ಇದೆ. ಅದರಿಂದ ರಕ್ತ ಒಸರ್ತಾ ಇದೆ. ಎರಡು ದಾರಿ ಇದೆ. ಆಪರೇಷನ್ ಮಾಡಿ ತೆಗೀಬಹುದು. ಆದರೆ ವಯಸ್ಸಾಗಿದೆ, ಟೇಬಲ್ ಮೇಲೇ ಹೋದರೂ ಹೋಗಬಹುದು. ಬದುಕಿದ್ರೂ ಮಗು ನೋಡ್ಕೊಂಡ ಹಾಗೆ ನೋಡ್ಕೋಬೇಕು, ಮತ್ತೆ ಎಷ್ಟು ತಿಂಗಳು ಅಂತ ನಾನು ಮಾತು ಕೊಡೋಕಾಗಲ್ಲ."

"ಇನ್ನೊಂದು ದಾರಿ?"

"ನೋವಿಲ್ಲದ ಹಾಗೆ ಕಳಿಸಿಕೊಡಬಹುದು. ಒಂದು ಇಂಜೆಕ್ಷನ್. ಹಾಗೆ ಮಾಡಿದರೂ ಯಾರೂ ನಿಮ್ಮನ್ನ ತಪ್ಪು ಅನ್ನಲ್ಲ. ಸಂಜೆಯೊಳಗೆ ಹೇಳಿ. ಅಲ್ಲೀವರೆಗೆ ನಾನು ತಡೀತೀನಿ."

ಯಾರೂ ತಪ್ಪು ಅನ್ನಲ್ಲ. ಆ ಮಾತು ಮೇಸ್ತ್ರಿಯ ಎದೆಯಲ್ಲಿ ನಾಟಿತು. ಇಷ್ಟು ವರ್ಷ ಅವನು ಬಯಸಿದ್ದು ಇದನ್ನೇ ಅಲ್ಲವೇ? ತಟ್ಟೆಯಲ್ಲಿಟ್ಟು ಕೊಡುತ್ತಿದ್ದರು, ಡಾಕ್ಟರ ಅಪ್ಪಣೆಯ ಸಮೇತ. ಆದರೂ ಅದನ್ನು ತಾನೊಬ್ಬನೇ ಹೇಳುವುದು ಹೇಗೆ? ಸೀದಾ ಹೆಂಡತಿಯ ಆಸ್ಪತ್ರೆಗೆ ಹೋದ.

ಅವಳಿಗೆ ಆಪರೇಷನ್ ಮುಗಿದು ವಾರ್ಡಿಗೆ ತಂದಿದ್ದರು. ಎಡಗೈಯನ್ನು ಎದೆಗೆ ಸೇರಿಸಿ ಕಟ್ಟಿದ್ದರು. ದೊಡ್ಡಕ್ಕ ಪಕ್ಕದಲ್ಲಿ ಕೂತು ಚಮಚದಲ್ಲಿ ಏನೋ ಕುಡಿಸುತ್ತಿದ್ದಳು. ಮೇಸ್ತ್ರಿ ಸುತ್ತಿ ಬಳಸದೆ ವಿಷಯ ಹೇಳಿಬಿಟ್ಟ.

ಹೆಂಡತಿ ಕಣ್ಣು ಮುಚ್ಚಿಕೊಂಡಳು. ಮಾತಾಡಿದವಳು ದೊಡ್ಡಕ್ಕ. "ಇದರಲ್ಲಿ ಕೇಳೋದೇನಿದೆ? ಆಪರೇಷನ್ ಮಾಡಿಸಲೇಬೇಕು. ಅದು ನಮ್ಮ ತಮ್ಮ ಸಾಕಿದ ಜೀವ. ಅವನ ಕಾಯಿಲೆಯಲ್ಲಿ ಹಾಸಿಗೆ ಬಿಟ್ಟು ಕದಲದೆ ಇದ್ದಿದ್ದು ಅದೊಂದೇ. ಅವನು ಎಷ್ಟು ನೋವು ತಿಂದ, ಒಂದು ದಿನ ಒಬ್ಬರ ಮೇಲೆ ಸಿಡುಕಿದವನಲ್ಲ. ಇವಳಂತೂ ಅವನಿಗೆ ಹೇಗೆ ಮಾಡಿದಳು! ಅಂಥ ಗಂಡ ಹೆಂಡತಿನ ನಾನು ನೋಡೇ ಇಲ್ಲ. ಅಲ್ವೇನೇ?"

ಹೆಂಡತಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಮೇಸ್ತ್ರಿಗೆ ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ಅಂಥ ಗಂಡ ಹೆಂಡತಿ! ಹಾಗಾದರೆ ತಾನು ಯಾವ ಲೆಕ್ಕ? ಸಿಡುಕದೆ ಸಾಯುವುದೂ ಒಂದು ವಿದ್ಯೆಯೋ ಏನೋ, ಆ ಮೇಷ್ಟ್ರು ಅದನ್ನೂ ಕಲಿತು ಹೋಗಿದ್ದ.

"ನೀನೇ ಹೇಳು" ಎಂದು ಹೆಂಡತಿಯನ್ನು ಕೇಳಿದ. "ನಿನ್ನ ನಾಯಿ. ನೀನು ಹೇಳಿದ ಹಾಗೆ ಮಾಡ್ತೀನಿ."

ಅವಳು ಕಣ್ಣು ತೆರೆದು ಅವನನ್ನು ತುಂಬಾ ಹೊತ್ತು ನೋಡಿದಳು. "ನನ್ನ ಕೇಳಬೇಡಿ" ಅಂದಳು. "ನೀವೇ ತೀರ್ಮಾನ ಮಾಡಿ. ನೀವು ಏನು ಮಾಡಿದ್ರೂ ನಾನು ಒಂದು ಮಾತು ಆಡಲ್ಲ. ಸತ್ಯವಾಗ್ಲೂ."

"ಅದೇನೇ ಹಾಗಂತೀಯ?" ಎಂದು ದೊಡ್ಡಕ್ಕ ರೇಗಿದಳು. ಹೆಂಡತಿ ಗೋಡೆಯ ಕಡೆಗೆ ಮುಖ ತಿರುಗಿಸಿದಳು.

ತನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆ ಎಂದುಕೊಂಡ ಮೇಸ್ತ್ರಿ. ಅಂಗಡಿಗೆ ಹೋಗಿ, ಅರ್ಧಕ್ಕೆ ನಿಂತಿದ್ದ ಸೋಫಾದ ಮುಂದೆ ಕೂತ. ಕೈಗೆ ಕೆಲಸ ಕೊಟ್ಟರೆ ತಲೆ ಓಡುತ್ತದೆ ಎಂಬುದು ಅವನ ಅನುಭವ. ಪಟ್ಟಿಗಳನ್ನು ಎಳೆದು ಬಿಗಿದು ಮೊಳೆ ಹೊಡೆಯತೊಡಗಿದ. ನಾಯಿ ಹೋದರೆ ಏನಾಗುತ್ತದೆ? ಕುರ್ಚಿ ಖಾಲಿಯಾಗುತ್ತದೆ. ಮಂಚದ ಪಕ್ಕದ ಜಾಗ ಖಾಲಿಯಾಗುತ್ತದೆ. ಉಪ್ಪಿಲ್ಲದ ಕೋಳಿ ಬೇಯುವ ವಾಸನೆ ನಿಲ್ಲುತ್ತದೆ. ಅವಳು ಸಂಜೆ ಬಂದಾಗ ಮೊದಲು ಯಾರ ಮುಖ ನೋಡುತ್ತಾಳೆ? ತನ್ನದೇ. ಆಹಾ, ಎಂದುಕೊಂಡು ಮತ್ತೊಂದು ಮೊಳೆ ಹೊಡೆದ.

ಆಗಲೇ ಅವನ ಕಣ್ಣ ಮುಂದೆ ಇನ್ನೊಂದು ಚಿತ್ರ ಬಂತು. ನಡುಮನೆಯ ಗೋಡೆ. ಮೇಷ್ಟ್ರ ಫೋಟೋ. ಅದರ ಪಕ್ಕದಲ್ಲಿ, ಅದೇ ಅಳತೆಯ ಚೌಕಟ್ಟಿನಲ್ಲಿ, ನಾಯಿಯ ಫೋಟೋ. ಅವಳು ಒದ್ದೆ ಬಟ್ಟೆಯಿಂದ ಇಬ್ಬರ ಮುಖವನ್ನೂ ಒರೆಸುತ್ತಿದ್ದಾಳೆ.

ಸುತ್ತಿಗೆ ಹಾಗೇ ನಿಂತಿತು. ಮೇಷ್ಟ್ರ ಮೇಲೆ ತನಗೆ ಯಾಕೆ ಗೆಲ್ಲಲಾಗಲಿಲ್ಲ? ಅವನು ಸತ್ತಿದ್ದ, ಅದಕ್ಕೆ. ಸತ್ತ ಎಮ್ಮೆಗೆ ಹಾಲು ಜಾಸ್ತಿ. ಬದುಕಿರುವವನು ಗೊರಕೆ ಹೊಡೆಯುತ್ತಾನೆ, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುತ್ತಾನೆ, ಅವನ ತಪ್ಪು ದಿನದಿನವೂ ಬೆಳೆಯುತ್ತದೆ. ಸತ್ತವನ ತಪ್ಪು ದಿನದಿನವೂ ಕರಗುತ್ತದೆ. ಬದುಕಿರುವ ನಾಯಿ ಕೂದಲು ಉದುರಿಸುತ್ತದೆ, ವಾಸನೆ ಹೊಡೆಯುತ್ತದೆ, ಹೊಸ ಸ್ಪಂಜಿನ ಮೇಲೆ ಉಚ್ಚೆ ಹೊಯ್ಯುತ್ತದೆ. ಅದನ್ನು ಬೈಯಬಹುದು, ಆಚೆ ನೂಕಬಹುದು, ಅವಳ ಹತ್ತಿರ ದೂರು ಹೇಳಬಹುದು. ಸತ್ತ ನಾಯಿಯನ್ನು ಏನು ಮಾಡುವುದು? ಅದೂ ತಾನೇ ಹೂಂ ಅಂದು ಸಾಯಿಸಿದ ನಾಯಿಯನ್ನು! ಈಗ ಒಬ್ಬ ಇದ್ದಾನೆ ಗೋಡೆಯ ಮೇಲೆ. ಇಬ್ಬರಾದರೆ ತನ್ನ ಕಥೆ ಮುಗಿದ ಹಾಗೆಯೇ.

ಮೇಸ್ತ್ರಿ ಎದ್ದು ಪ್ರಾಣಿಗಳ ಆಸ್ಪತ್ರೆಗೆ ಫೋನು ಮಾಡಿದ. "ಡಾಕ್ಟರಮ್ಮ, ಆಪರೇಷನ್ ಮಾಡಿ. ಅದು ಸಾಯಬಾರದು. ಏನೇ ಆಗಲಿ, ಅದು ಸಾಯಬಾರದು."

ಫೋನಿನ ಆ ಕಡೆ ಡಾಕ್ಟರಮ್ಮನ ದನಿ ಮೆತ್ತಗಾಯಿತು. "ಎಷ್ಟು ಪ್ರೀತಿ ನಿಮಗೆ ಅದರ ಮೇಲೆ!" ಅಂದರು.

ನಾಯಿ ಬದುಕಿತು. ಆದರೆ ಬದುಕಿದ ನಾಯಿಯನ್ನು ಮನೆಗೆ ತಂದ ಮೇಲೆ ಮೇಸ್ತ್ರಿಗೆ ಗೊತ್ತಾಯಿತು, ಹೊಟ್ಟೆಕಿಚ್ಚಿನಿಂದ ಮಾಡಿದ ಸೇವೆಯೂ ಸೇವೆಯಷ್ಟೇ ಮೈಮುರಿಸುತ್ತದೆ ಎಂದು. ಹೊಟ್ಟೆಯ ಉದ್ದಕ್ಕೂ ಹೊಲಿಗೆ. ಹಿಂಗಾಲಲ್ಲಿ ತ್ರಾಣವಿಲ್ಲ. ಸೋಫಾದ ಕೆಳಗೆ ಬಿಗಿಯುವ ಅಗಲ ಪಟ್ಟಿಯಿಂದ ಒಂದು ಜೋಲಿ ಹೊಲಿದ, ಹೊಲಿಗೆಗೆ ತಾಗದ ಹಾಗೆ ನಡುವೆ ಸ್ಪಂಜು ಕೊಟ್ಟ. ಅದರಲ್ಲಿ ನಾಯಿಯ ಹಿಂಭಾಗವನ್ನು ಎತ್ತಿ ಹಿಡಿದು, ತಾನೂ ಬಗ್ಗಿಕೊಂಡು, ಮೆಟ್ಟಿಲಿಳಿಸಿ ರಸ್ತೆಯಂಚಿಗೆ ಕರೆದೊಯ್ಯುತ್ತಿದ್ದ. ಎದುರುಮನೆಯಾಕೆ ನೋಡಿ, "ಇಬ್ಬರು ಯಜಮಾನ್ರೂ ವಾಕಿಂಗಾ?" ಅಂದಳು. ತಟ್ಟೆಯಲ್ಲಿಟ್ಟರೆ ತಿನ್ನದು, ಅಂಗೈಯಲ್ಲಿಟ್ಟರೆ ತಿನ್ನುವುದು. ಮಾತ್ರೆಯನ್ನು ಮೊಟ್ಟೆಯೊಳಗೆ ಅಡಗಿಸಿ ಕೊಟ್ಟರೆ ಮೊಟ್ಟೆ ನುಂಗಿ ಮಾತ್ರೆ ಉಗಿಯುವುದು. "ನಿನ್ನ ಬುದ್ಧಿ ಗೊತ್ತಿಲ್ವಾ ನನಗೆ" ಎಂದು ಅವನು ಬಾಯಿ ಅಗಲಿಸಿ ಒಳಗೆ ತಳ್ಳುತ್ತಿದ್ದ.

ಇಷ್ಟೆಲ್ಲ ಮಾಡಿದರೂ ಅದು ಬಾಗಿಲನ್ನೇ ನೋಡುತ್ತಿತ್ತು. ಅವನ ಕೈಯಲ್ಲಿ ತಿನ್ನುವಾಗಲೂ ಕಿವಿ ಮೆಟ್ಟಿಲ ಕಡೆಗೆ. ಕೆಳಗೆ ಕಾರು ನಿಂತ ಸದ್ದಾದರೆ ತಲೆ ಎತ್ತುವುದು, ಅವಳಲ್ಲ ಎಂದು ಗೊತ್ತಾದರೆ ಇಳಿಸುವುದು. "ನೋಡಪ್ಪ, ಅನ್ನ ಹಾಕೋನು ನಾನು, ಬಾಲ ಅಲ್ಲಾಡೋದು ಅವಳಿಗೆ" ಎಂದು ಮೇಸ್ತ್ರಿ ಅದಕ್ಕೇ ದೂರು ಹೇಳಿದ. ಅದು ಅವನ ಬೆರಳು ನೆಕ್ಕಿತು, ಅನ್ನ ಅಂಟಿತ್ತು ಎಂದು.

ಹೆಂಡತಿ ಮನೆಗೆ ಬಂದ ದಿನ ಅವನು ಬೇಗ ಎದ್ದು ಮನೆ ಗುಡಿಸಿ, ನಾಯಿಯ ಮೈ ಒರೆಸಿ, ಜೋಲಿ ಒಗೆದು ಹಾಕಿದ್ದ. ಅವಳು ಒಳಗೆ ಕಾಲಿಟ್ಟಳು. ತ್ರಾಣವಿಲ್ಲದ ನಾಯಿ ತಾನೇ ಎದ್ದು, ಓಲಾಡುತ್ತ ನಡೆದು, ಅವಳ ಮಂಡಿಗೆ ಹಣೆ ಒತ್ತಿ ನಿಂತುಬಿಟ್ಟಿತು. ಅವಳು ಒಂದೇ ಕೈಯಿಂದ ಅದರ ಕುತ್ತಿಗೆ ತಬ್ಬಿ ಬಿಕ್ಕಿ ಬಿಕ್ಕಿ ಅತ್ತಳು. ಮೇಸ್ತ್ರಿ ಅವಳ ಚೀಲ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಎದೆಯೊಳಗಿನ ಕಿಚ್ಚು ಇದ್ದ ಹಾಗೆಯೇ ಇತ್ತು, ಒಂದು ಎಳೆಯೂ ಕಡಿಮೆಯಾಗಿರಲಿಲ್ಲ. ಆದರೂ ಈಗ ಅವಳು ತಲೆಯೆತ್ತಿ ತನ್ನನ್ನು ನೋಡುತ್ತಾಳೆ, ಒಂದು ಒಳ್ಳೆಯ ಮಾತು ಹೇಳುತ್ತಾಳೆ ಎಂದು ಕಾದ.

ಅವಳು ತಲೆಯೆತ್ತಿ, "ಯಾಕೆ ಉಳಿಸಿದ್ರಿ?" ಅಂದಳು.

"ಏನಂದೆ?"

"ಯಾಕ್ರೀ ಉಳಿಸಿದ್ರಿ ಇದನ್ನ?"

ಮೇಸ್ತ್ರಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಚೀಲ ಕೆಳಗಿಟ್ಟ. "ನಿನಗೋಸ್ಕರ ಕಣೇ! ಬೆನ್ನು ಮುರ್ಕೊಂಡು, ಮಗು ಥರ ನೋಡ್ಕೊಂಡಿದೀನಿ, ನೀನು ನೋಡಿದ್ರೆ..."

"ನೀವು ಬೇಡ ಅಂತೀರ ಅಂದ್ಕೊಂಡಿದ್ದೆ" ಅಂದಳು ಅವಳು. ನೆಲದ ಮೇಲೆಯೇ ಕೂತಳು, ನಾಯಿಯೂ ಅವಳಿಗೆ ಒರಗಿ ಕೂತಿತು. "ನಿಮಗೆ ಇದನ್ನ ಕಂಡರೆ ಆಗಲ್ಲ. ನನಗೇನು ಗೊತ್ತಿಲ್ವಾ? ನೀವು ಕಳಿಸಿಬಿಡಿ ಅಂತ ಹೇಳ್ತೀರ, ನಾನು ಅತ್ತು ಸುಮ್ಮನಾಗ್ತೀನಿ ಅಂದ್ಕೊಂಡಿದ್ದೆ. ಆ ಮಾತು ನನ್ನ ಬಾಯಲ್ಲಿ ಬರಲ್ಲ ರೀ. ಅವತ್ತೂ ಬರಲಿಲ್ಲ."

"ಯಾವತ್ತು?"

ಅವಳು ನಾಯಿಯ ಕಿವಿಯನ್ನು ನೀವಿದಳು. ಆಮೇಲೆ, ಇಷ್ಟು ವರ್ಷ ಅರ್ಧಕ್ಕೇ ನಿಲ್ಲಿಸುತ್ತಿದ್ದ ಮಾತನ್ನು ಕೊನೆಯವರೆಗೂ ಆಡಿದಳು. ಮೇಷ್ಟ್ರಿಗೆ ಇನ್ನು ವಾಸಿಯಾಗುವುದಿಲ್ಲ ಎಂದು ಗೊತ್ತಾದ ಮೇಲೂ ಡಾಕ್ಟರುಗಳು ಪ್ರತಿ ಸಲ ಕೇಳುತ್ತಿದ್ದರಂತೆ, ಮುಂದುವರಿಸೋಣವೇ, ಇಲ್ಲ ಮನೆಗೆ ಕರೆದೊಯ್ದು ನೆಮ್ಮದಿಯಾಗಿಡುತ್ತೀರಾ ಎಂದು. ಪಕ್ಕದಲ್ಲಿ ದೊಡ್ಡಕ್ಕ ನಿಂತಿರುತ್ತಿದ್ದಳಂತೆ. ಪ್ರತಿ ಸಲವೂ ಇವಳು ಮುಂದುವರಿಸಿ ಅಂದಳಂತೆ.

"ಅವರು ಬೇಡ ಬೇಡ ಅಂತಿದ್ರು. ಅಕ್ಕ ಹೇಳ್ತಾರಲ್ಲ, ಸಿಡುಕಲಿಲ್ಲ ಅಂತ. ಅವರ ಮುಂದೆ ಸಿಡುಕ್ತಿರಲಿಲ್ಲ. ನನ್ನ ಮೇಲೆ ಲೋಟ ಎಸೆದಿದಾರೆ. ನೀನು ಊರವರ ಹತ್ರ ಒಳ್ಳೆಯವಳು ಅನ್ನಿಸಿಕೊಳ್ಳೋಕೆ ನನ್ನ ಹಿಂಸೆ ಮಾಡ್ತಿದೀಯ ಅಂತಿದ್ರು. ಕೊನೆಕೊನೆಗೆ ನನ್ನ ಮುಖ ನೋಡೋದೇ ಬಿಟ್ಟರು. ಎಷ್ಟೋ ದಿನ ನಾನು ಅಡುಗೆಮನೆ ನೆಲದ ಮೇಲೆ ಮಲಗಿದೀನಿ. ಇದು ಬಂದು ಬೆನ್ನಿಗೆ ಬೆನ್ನು ಕೊಟ್ಟು ಮಲಗೋದು. ಆ ಮನೆಯಲ್ಲಿ ನನಗೆ ಅಂತ ಇದ್ದಿದ್ದು ಇದೊಂದೇ." ನಾಯಿಯ ಹೊಟ್ಟೆಯ ಹೊಲಿಗೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ಬೆರಳಾಡಿಸಿದಳು. "ಇದಕ್ಕೂ ಅದೇ ಹಿಂಸೆ ಮಾಡಬಾರದು ಅಂತ ನಿಮಗೆ ಬಿಟ್ಟಿದ್ದು."

"ಅಂದ್ರೆ ನಾನು ಕೆಟ್ಟವನಾಗಲಿ ಅಂತ ಬಿಟ್ಟೆ."

"ಹೂಂ" ಅಂದಳು. "ತಪ್ಪೇ. ಆದರೆ ಹೂಂ."

ಮೇಸ್ತ್ರಿ ಕುರ್ಚಿಯಲ್ಲಿ ಕುಸಿದು ಕೂತ. ಅವನಿಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಅದರ ಅಡಿಯಲ್ಲಿ ಇನ್ನೇನೋ ಕುಲುಕಾಡುತ್ತಿತ್ತು. ಇಷ್ಟು ಕಾಲ ಆ ಫೋಟೋದ ಮುಂದೆ ಉಸಿರು ಬಿಗಿಹಿಡಿದು ನಡೆದದ್ದೆಲ್ಲ ದಂಡ. ಅವಳು ನಾಯಿಯ ತಲೆ ಸವರುವಾಗ ಮೇಷ್ಟ್ರನ್ನು ನೆನೆದು ಸವರುತ್ತಿರಲಿಲ್ಲ. ನಾಯಿಯನ್ನೇ ಸವರುತ್ತಿದ್ದಳು. ಹಾಗಾದರೆ ನೆಮ್ಮದಿಯಾಗಬೇಕಲ್ಲ? ಆಗಲಿಲ್ಲ. ಸತ್ತವನ ಜಾಗದಲ್ಲಿ ಈಗ ನಾಯಿ ನಿಂತಿತ್ತು, ಮೊದಲಿಗಿಂತ ಗಟ್ಟಿಯಾಗಿ. ಅವಳು ನೆಲದ ಮೇಲೆ ಮಲಗಿದ್ದ ದಿನಗಳಲ್ಲಿ ತಾನು ಎಲ್ಲಿದ್ದೆ? ಯಾರದೋ ಸೋಫಾಕ್ಕೆ ಗುಂಡಿ ಹೊಲಿಯುತ್ತಿದ್ದೆ. ಇದು ಇತ್ತು, ತಾನಿರಲಿಲ್ಲ. ಮೇಷ್ಟ್ರ ಮೇಲಿನ ಹೊಟ್ಟೆಕಿಚ್ಚು ಸುಳ್ಳಾಗಿತ್ತು. ಇದು ನಿಜವಾದದ್ದು.

"ನಾನು ನಿನಗೋಸ್ಕರ ಉಳಿಸಲಿಲ್ಲ" ಎಂದು ಅವನು ಥಟ್ಟನೆ ಹೇಳಿದ. "ಸುಳ್ಳು ಹೇಳಿದೆ. ಇದು ಸತ್ತರೆ ಇದರ ಫೋಟೋನೂ ಗೋಡೆಗೆ ಹಾಕ್ತೀಯ ಅಂತ ಉಳಿಸಿದೆ. ಫೋಟೋ ಜೊತೆ ಜಗಳ ಆಡೋಕಾಗಲ್ಲ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಾಯಿ ತೆರೆದುಕೊಂಡೇ ಇದ್ದಳು. "ನಾಯಿ ಮೇಲಾ?" ಅಂದಳು. "ರೀ, ನಾಯಿ ಮೇಲೆ ಹೊಟ್ಟೆಕಿಚ್ಚಾ?" ನಗು ಒತ್ತರಿಸಿಕೊಂಡು ಬಂತು. ನಕ್ಕರೆ ಹೆಗಲು ನೋಯುತ್ತದೆ, ನಿಲ್ಲಿಸಲು ಹೋದರೆ ಇನ್ನಷ್ಟು ನಗು. "ಅಯ್ಯೋ, ನಗಿಸಬೇಡಿ, ಹೊಲಿಗೆ ಬಿಚ್ಚುತ್ತೆ" ಅಂದಳು. ಮೇಸ್ತ್ರಿ ನಗಲಿಲ್ಲ. ಅವನ ಮುಖ ನೋಡಿ ಅವಳೂ ನಿಲ್ಲಿಸಿದಳು. ಅವನ ಮಂಡಿಯ ಮೇಲೆ ಕೈಯಿಟ್ಟಳು. ಇದ್ದದ್ದು ಒಂದೇ ಕೈ. ಅಷ್ಟು ಹೊತ್ತೂ ಅದು ನಾಯಿಯ ಮೈಮೇಲಿತ್ತು ಎಂಬುದನ್ನು ಅವನು ಗಮನಿಸದೆ ಇರಲಿಲ್ಲ.

ಆಮೇಲೆ ಇಬ್ಬರೂ ಕೂತು ಒಂದು ಮಾತು ಮಾಡಿಕೊಂಡರು. ಗಡ್ಡೆ ಮತ್ತೆ ಬಂದರೆ ಇನ್ನು ಕೊಯ್ಯಿಸುವುದು ಬೇಡ. ಆ ಮಾತನ್ನು ಡಾಕ್ಟರಮ್ಮನಿಗೆ ಅವಳು ಹೇಳಬೇಕು. ನಾಯಿಯನ್ನು ಹಿಡಿದುಕೊಳ್ಳುವುದು ಅವನು. ದೊಡ್ಡಕ್ಕನಿಗೆ ಉತ್ತರ ಕೊಡುವುದು ಇಬ್ಬರೂ.

ಚಳಿಗಾಲ ಕಳೆಯುವವರೆಗೆ ಯಜಮಾನ ಚೆನ್ನಾಗಿಯೇ ಇತ್ತು. ಹೆಂಡತಿಯ ಕೈ ಕೂಡುವವರೆಗೆ ಕೋಳಿ ಬೇಯಿಸುವುದು, ಕಾಲಿಗೆ ಎಣ್ಣೆ ನೀವುವುದು ಮೇಸ್ತ್ರಿಯ ಪಾಲಿಗೇ ಬಂತು. ಅದು ಅವನ ಕೈಯಲ್ಲಿ ಉಂಡು ಅವಳ ಕಾಲ ಬುಡದಲ್ಲಿ ಮಲಗುವುದನ್ನು ಬಿಡಲಿಲ್ಲ. ಅವನೂ ಗೊಣಗುವುದನ್ನು ಬಿಡಲಿಲ್ಲ. ಬಿಸಿಲು ಏರತೊಡಗಿದ ಕಾಲಕ್ಕೆ ಅದರ ಹೊಟ್ಟೆ ಮತ್ತೆ ಉಬ್ಬಿತು. ಮಾತು ಕೊಟ್ಟ ಪ್ರಕಾರ ಅವಳು ಹೇಳಿದಳು. ದನಿ ನಡುಗಿತು, ಆದರೆ ಹೇಳಿದಳು. ಅವನು ಹಿಡಿದುಕೊಂಡ. ಕೊನೆಯ ಗಳಿಗೆಯಲ್ಲೂ ಅದು ಅವನ ತೋಳಿನ ಮೇಲಿಂದ ಅವಳನ್ನೇ ನೋಡುತ್ತಿತ್ತು.

ದೊಡ್ಡಕ್ಕ ಫೋನಿನಲ್ಲಿ ಅತ್ತಳು, ಬೈದಳು, ತಮ್ಮ ಇನ್ನೊಂದು ಸಲ ಸತ್ತ ಹಾಗಾಯಿತು ಅಂದಳು. ಅವಳು ಹೇಳಿದ್ದನ್ನೆಲ್ಲ ಮೇಸ್ತ್ರಿ ಕೇಳಿಸಿಕೊಂಡ. ಹೆಂಡತಿ ಡ್ರೈವಿಂಗ್ ಸ್ಕೂಲಿಗೆ ರಜೆ ಹಾಕಿ ಮಲಗಿಬಿಟ್ಟಳು. ಊಟ ಬೇಡ, ಮಾತು ಬೇಡ. ಅವನು ತಟ್ಟೆ ತಂದಿಟ್ಟರೆ ಹಾಗೇ ಆರುತ್ತಿತ್ತು. ಒಂದು ಸಂಜೆ ತಡೆಯಲಾರದೆ ಮಂಚದ ಅಂಚಿನಲ್ಲಿ ಕೂತು ಕೇಳಿಯೇಬಿಟ್ಟ.

"ನಾನು ಸತ್ತರೂ ಇಷ್ಟು ಅಳ್ತೀಯಾ?"

ಅವಳು ಹೊದಿಕೆಯೊಳಗಿಂದ ಮುಖ ಹೊರಗೆ ಹಾಕಿದಳು. ಕಣ್ಣು ಊದಿಕೊಂಡಿತ್ತು. ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಮೊದಲು ನೀವು ಉಣ್ಣಿ" ಅಂದಳು. "ಮುಖ ನೋಡ್ಕೊಳ್ಳಿ ಕನ್ನಡೀಲಿ. ನೀವೂ ಏನೂ ತಿಂದಿಲ್ಲ."

"ನೀನು ತಿಂದರೆ ತಿಂತೀನಿ."

"ತಗೊಂಬನ್ನಿ ಹಾಗಾದ್ರೆ" ಎಂದು ಎದ್ದು ಕೂತಳು. ಅವನು ಅಡುಗೆಮನೆಗೆ ಹೋಗಿ ಅನ್ನ, ಸಾರು ಬಿಸಿ ಮಾಡಿ ತಂದ. ಅವಳು ಒಂದು ತುತ್ತು ಬಾಯಿಗಿಟ್ಟು ಮುಖ ಕಿವಿಚಿದಳು. ಇಷ್ಟು ತಿಂಗಳ ಅಭ್ಯಾಸಕ್ಕೆ ಅವನು ಉಪ್ಪು ಹಾಕುವುದನ್ನೇ ಮರೆತಿದ್ದ.